ವ್ಯಾಟ್ ಕೊನೆಗೆ, ಹೀರಿಕೆ ಮೊದಲು: ಲ್ಯಾಬಿನಲ್ಲಿ ವಸ್ತು ಕಾಯಿಸಲು ಲೇಸರ್ ಆರಿಸುವುದು ಹೇಗೆ

ಫರ್ನೇಸಿನಲ್ಲಿ ಒಂದು ಪುಟ್ಟ ಬಿಲ್ಲೆ ಕಾಯಿಸಬೇಕೆಂದರೆ ಅದರ ಸುತ್ತಲಿನ ಇಟ್ಟಿಗೆ, ಕೊಳವೆ, ಹಿಡಿಕೆ ಎಲ್ಲವನ್ನೂ ಕಾಯಿಸಬೇಕು. ಏರಲು ಗಂಟೆಗಟ್ಟಲೆ, ತಣಿಯಲು ಒಂದು ರಾತ್ರಿ. ಲೇಸರ್ ಬಿಲ್ಲೆಯೊಂದನ್ನೇ ಕಾಯಿಸುತ್ತದೆ. ಕೆಲವೇ ನಿಮಿಷದಲ್ಲಿ ಸಾವಿರ ಡಿಗ್ರಿ ಮುಟ್ಟಿಸಬಹುದು, ಆರಿಸಿದರೆ ಕೆಲವು ಸೆಕೆಂಡಿನಲ್ಲೇ ಕೆಂಪು ಇಳಿಯುತ್ತದೆ. ನೈಟ್ರೋಜನ್ ತುಂಬಿದ ಪೆಟ್ಟಿಗೆಯೊಳಗೆ ಕಿಟಕಿಯ ಮೂಲಕ ಬೆಳಕು ಹಾಯಿಸಿದರೂ ಸಾಕು.

ಆದರೆ ಫರ್ನೇಸಿಗೆ ಸ್ಯಾಂಪಲ್ ಬಿಳಿಯೋ ಕಪ್ಪೋ, ನುಣುಪೋ ಒರಟೋ ಲೆಕ್ಕಕ್ಕೇ ಇಲ್ಲ. ಲೇಸರಿಗೆ ಅದೇ ಸರ್ವಸ್ವ. ಹೀಗಾಗಿ "ಎಷ್ಟು ವ್ಯಾಟಿನದು ತರಿಸೋಣ?" ಎಂಬುದು ಮೊದಲ ಪ್ರಶ್ನೆಯಾಗಬಾರದು. ಯಾವ ತರಂಗಾಂತರವನ್ನು ಸ್ಯಾಂಪಲ್ ಹೀರುತ್ತದೆ, ಕಾದ ಮೇಲೆ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬ ಎರಡನ್ನು ತಿಳಿದ ಮೇಲೆ ವ್ಯಾಟ್ ತಾನಾಗಿಯೇ ಕಾಗದದ ಮೇಲೆ ಬರುತ್ತದೆ. ಕೊಡಗು ಜಿಲ್ಲೆಯ ಕಾಲೇಜು ಲ್ಯಾಬುಗಳಿಗೆ ಇಂಥ ಉಪಕರಣದ ಹಣ ಪದೇ ಪದೇ ಬರುವುದಿಲ್ಲ. ಒಂದೇ ಸಲ ಸರಿಯಾಗಿ ಕೊಳ್ಳಬೇಕು. ಜೊತೆಗೆ ಕೊಡಗಿನ ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆರಿಸಿದ ಲೇಸರ್ ಎರಡು ಜುಲೈ ಕಾಣುವುದು ಕಷ್ಟ.

ಸ್ಯಾಂಪಲ್ ಏನನ್ನು ಹೀರುತ್ತದೆ?

ಲ್ಯಾಬಿನಲ್ಲಿ ಕಾಯಿಸುವ ಕೆಲಸಕ್ಕೆ ಬರುವುದು ಮುಖ್ಯವಾಗಿ ಮೂರು ಜಾತಿ.

ಕಾರ್ಬನ್ ಡೈಆಕ್ಸೈಡ್ ಲೇಸರ್, 10.6 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು ಕಂಡುಹಿಡಿದವರು ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್. ಗಾಜು, ಸೆರಾಮಿಕ್, ಮಣ್ಣು, ಮರ, ಪ್ಲಾಸ್ಟಿಕ್, ನೀರು ಇವೆಲ್ಲ ಈ ಬೆಳಕನ್ನು ಚೆನ್ನಾಗಿ ಹೀರುತ್ತವೆ. ನಮ್ಮ ಕಣ್ಣಿಗೆ ಹಾಲುಬಿಳುಪಾಗಿ ಕಾಣುವ ಅಲ್ಯುಮಿನಾ ಕೂಡ 10.6 ಮೈಕ್ರಾನಿಗೆ ಹೆಚ್ಚುಕಡಿಮೆ ಕಪ್ಪೇ. ಲೋಹಗಳು ಮಾತ್ರ ಕನ್ನಡಿಯಂತೆ ಹಿಂದಕ್ಕೆ ಅಟ್ಟುತ್ತವೆ. ನುಣುಪಾದ ತಾಮ್ರ, ಅಲ್ಯುಮಿನಿಯಂ ಹೀರುವುದು ನೂರಕ್ಕೆ ಒಂದೆರಡು ಪಾಲು.

ಫೈಬರ್ ಲೇಸರ್, ಸುಮಾರು 1.07 ಮೈಕ್ರಾನ್. ಕಬ್ಬಿಣ, ಉಕ್ಕು ಇದರಲ್ಲಿ ನೂರಕ್ಕೆ 30ರಿಂದ 35ರಷ್ಟು ಹೀರುತ್ತವೆ. ಗ್ರಾಫೈಟ್, ಇದ್ದಿಲು, ಸಿಲಿಕಾನ್ ಕಾರ್ಬೈಡ್ ಇನ್ನೂ ಹೆಚ್ಚು. ಕ್ವಾರ್ಟ್ಸ್ ಕಿಟಕಿಯ ಮೂಲಕ ಸಲೀಸಾಗಿ ಹಾದುಹೋಗುತ್ತದೆ, ಇದೊಂದು ದೊಡ್ಡ ಅನುಕೂಲ.

ಡಯೋಡ್ ಲೇಸರ್, 808, 915, 940 ಅಥವಾ 976 ನ್ಯಾನೊಮೀಟರ್ (ಸಾವಿರ ನ್ಯಾನೊಮೀಟರ್ ಸೇರಿದರೆ ಒಂದು ಮೈಕ್ರಾನ್). ಹೀರಿಕೆಯಲ್ಲಿ ಫೈಬರ್ ಲೇಸರಿನ ದಾಯಾದಿ. ಕಿರಣದ ಗುಣಮಟ್ಟ ಅಷ್ಟಿಲ್ಲ, ಆದರೆ ಕಾಯಿಸುವ ಕೆಲಸಕ್ಕೆ ಸೂಜಿಮೊನೆಯಂಥ ಕಿರಣ ಬೇಕೂ ಇಲ್ಲ. ಹಾಕಿದ ವಿದ್ಯುತ್ತಿನ ಅರ್ಧದಷ್ಟು ಬೆಳಕಾಗುವುದರಿಂದ ತಂಪು ಮಾಡುವ ತಲೆನೋವು ಕಡಿಮೆ. ಲೋಹ, ಕಾರ್ಬನ್, ಸಿಲಿಕಾನ್ ಕಾಯಿಸುವ ಚಿಕ್ಕ ಲ್ಯಾಬಿಗೆ ನಮ್ಮ ಮೊದಲ ಸಲಹೆ ಇದೇ. ತಾಮ್ರ, ಚಿನ್ನ ಕಾಯಿಸಬೇಕಾದರೆ 450 ನ್ಯಾನೊಮೀಟರಿನ ನೀಲಿ ಡಯೋಡ್ ನೋಡಿ; ಕೆಂಪಾಚೆಯ ಬೆಳಕಿನಲ್ಲಿ ನೂರಕ್ಕೆ 5ನ್ನೂ ಹೀರದ ತಾಮ್ರ ನೀಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೀರುತ್ತದೆ.

ಹೀರಿಕೆ ಕಾಯುತ್ತಾ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. ಒಣ ಕಾಫಿ ಹೊಟ್ಟನ್ನು ನೈಟ್ರೋಜನ್‌ನಲ್ಲಿ ಇದ್ದಿಲಾಗಿಸುವ ಪ್ರಯೋಗ ತೆಗೆದುಕೊಳ್ಳಿ. 976 ನ್ಯಾನೊಮೀಟರ್ ಬೆಳಕನ್ನು ಕಂದು ಹೊಟ್ಟು ಬಹುಪಾಲು ಚದುರಿಸಿಬಿಡುತ್ತದೆ. ಪವರ್ ಏರಿಸುತ್ತಾ ಹೋದರೂ ತಾಪ ಕುಂಟುತ್ತಿರುತ್ತದೆ. ಎಲ್ಲೋ ಒಂದು ಚುಕ್ಕೆ ಕಪ್ಪಾಯಿತೋ, ಅದು ಬೆಳಕನ್ನೆಲ್ಲ ಹೀರಿ ಸುತ್ತಲಿನದನ್ನೂ ಕಪ್ಪಾಗಿಸುತ್ತದೆ, ಎರಡು ಸೆಕೆಂಡಿನಲ್ಲಿ ತಾಪ ಕೈಮೀರುತ್ತದೆ. ಅದೇ ಹೊಟ್ಟು 10.6 ಮೈಕ್ರಾನಿನಲ್ಲಿ ಮೊದಲೂ ಚೆನ್ನಾಗಿ ಹೀರುತ್ತದೆ, ಇದ್ದಿಲಾದ ಮೇಲೂ ಹೀರುತ್ತದೆ, ಏರಿಕೆ ನಯವಾಗಿರುತ್ತದೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲೋ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲೋ ನಡೆಯಬಹುದಾದ ಮರ, ಬಿದಿರು, ಹೊಟ್ಟಿನ ಕೆಲಸಕ್ಕೆ ಆದ್ದರಿಂದ ಕಾರ್ಬನ್ ಡೈಆಕ್ಸೈಡ್ ಲೇಸರೇ ಸರಿ. ಸಿಲಿಕಾನ್ ಬಿಲ್ಲೆಯದೂ ಇಂಥದೇ ಕಥೆ: ತಣ್ಣಗಿರುವಾಗ 1.07 ಮೈಕ್ರಾನಿನ ಬೆಳಕು ಬಹುಪಾಲು ಒಳಹೊಕ್ಕು ಆಚೆ ಹೋಗುತ್ತದೆ, ಕಾಯುತ್ತಾ ಹೋದಂತೆ ಹೀರಿಕೆ ಜಿಗಿಯುತ್ತದೆ. ಅದಕ್ಕೆ 808 ನ್ಯಾನೊಮೀಟರ್ ಒಳ್ಳೆಯದು. ಮೇಲಿನ ಹತ್ತಿಪ್ಪತ್ತು ಮೈಕ್ರಾನಿನಲ್ಲೇ ಬೆಳಕು ಮುಗಿಯುತ್ತದೆ. ಹೊಳೆಯುವ ಉಕ್ಕು ಗಾಳಿಯಲ್ಲಿ ಕಾದರೆ ಆಕ್ಸೈಡ್ ಪದರ ಬೆಳೆದು ಹೀರಿಕೆ ಎರಡು ಪಟ್ಟಾಗುವುದೂ ಉಂಟು.

ನಿಮ್ಮ ಸ್ಯಾಂಪಲ್ ಎಷ್ಟು ಹೀರುತ್ತದೆಂದು ಪುಸ್ತಕದ ಪಟ್ಟಿ ನೋಡಿ ನಂಬಬೇಡಿ, ಅಳೆಯಿರಿ. ಇಂಟಿಗ್ರೇಟಿಂಗ್ ಸ್ಫಿಯರ್, ಅಂದರೆ ಚದುರಿದ ಬೆಳಕನ್ನೆಲ್ಲ ಕೂಡಿಸುವ ಟೊಳ್ಳು ಗೋಳ, ಇರುವ ಸ್ಪೆಕ್ಟ್ರೋಮೀಟರ್ ಯಾವ ಸಂಸ್ಥೆಯಲ್ಲಿ ಸಿಗುತ್ತದೆಂದು ಸಂಶೋಧನಾ ಉಪಕರಣಗಳ ಸರ್ಕಾರಿ ಪಟ್ಟಿಯಾದ ಐ-ಸ್ಟೆಮ್ ಪೋರ್ಟಲಿನಲ್ಲಿ ಹುಡುಕಬಹುದು. 1 ಮೈಕ್ರಾನಿನ ಸುತ್ತ ಯುವಿ-ವಿಸಿಬಲ್-ಎನ್‌ಐಆರ್ ಯಂತ್ರ, 10.6ಕ್ಕೆ ಎಫ್‌ಟಿಐಆರ್ ಎಂಬ ಇನ್‌ಫ್ರಾರೆಡ್ ಯಂತ್ರ. ಹಿಂತಿರುಗಿದ್ದು, ದಾಟಿಹೋದದ್ದು ಎರಡನ್ನೂ ಒಂದರಿಂದ ಕಳೆದರೆ ಉಳಿದದ್ದೇ ಹೀರಿಕೆ.

ಇನ್ನೊಂದು ಸರಳ ದಾರಿಯೂ ಇದೆ. ತೆಳು ಬಿಲ್ಲೆಯ ಹಿಂಬದಿಗೆ ಕೂದಲೆಳೆಯ ಥರ್ಮೋಕಪಲ್ (ತಾಪ ಅಳೆಯುವ ತಂತಿ ಜೋಡಿ) ಅಂಟಿಸಿ, ಅಳೆದ 1 ವ್ಯಾಟ್ ಬೆಳಕು ಬಿಡಿ. ಮೊದಲ ಕೆಲವು ಸೆಕೆಂಡಿನಲ್ಲಿ ತಾಪ ಸೆಕೆಂಡಿಗೆ ಎಷ್ಟು ಏರುತ್ತದೆಂದು ನೋಡಿ. ಬಿಲ್ಲೆ 0.17 ಗ್ರಾಂ, ಅದರ ವಿಶಿಷ್ಟ ಶಾಖ ಗ್ರಾಂಗೆ ಪ್ರತಿ ಡಿಗ್ರಿಗೆ 0.8 ಜೌಲ್, ಏರಿಕೆ ಸೆಕೆಂಡಿಗೆ 5 ಡಿಗ್ರಿ ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ 0.68 ವ್ಯಾಟ್, ಅಂದರೆ ಹೀರಿಕೆ ನೂರಕ್ಕೆ 68. ಇದಕ್ಕೆ ಲೇಸರ್ ಕೊಂಡಿರಲೇಬೇಕೆಂದಿಲ್ಲ. ಅಕ್ರಿಲಿಕ್ ಬೋರ್ಡ್ ಕತ್ತರಿಸುವ ಅಂಗಡಿಗಳಲ್ಲಿ ಇರುವುದು ಸಾಮಾನ್ಯವಾಗಿ ಕಾರ್ಬನ್ ಡೈಆಕ್ಸೈಡ್ ಲೇಸರೇ. 50 ಮಿ.ಮೀ. ಲೆನ್ಸಿನ ತಲೆಯನ್ನು ಫೋಕಸ್‌ನಿಂದ 40 ಮಿ.ಮೀ. ಮೇಲಕ್ಕೆತ್ತಿದರೆ 6 ಮಿ.ಮೀ. ಕಿರಣ ಸ್ಯಾಂಪಲ್ ಮೇಲೆ ಸುಮಾರು 5 ಮಿ.ಮೀ. ಚುಕ್ಕೆಯಾಗುತ್ತದೆ. ಅಂಥ ಯಂತ್ರದಲ್ಲಿ 1 ವ್ಯಾಟಿಗೆ ಇಳಿಸಲು ಆಗುವುದಿಲ್ಲ, ಆದ್ದರಿಂದ ದೊಡ್ಡ ಬಿಲ್ಲೆ ಹಿಡಿದು ಅರ್ಧ ಸೆಕೆಂಡಿನ ಮಿಡಿತ ಕೊಡಿ, ಬೆಳಕನ್ನು ಪವರ್ ಮೀಟರಿನಲ್ಲಿ ಅಳೆಯಿರಿ, ತಾಪ ಒಟ್ಟು ಎಷ್ಟು ಏರಿತೆಂದು ನೋಡಿ. ಲೋಹಕ್ಕಾದರೆ ಬೆಂಗಳೂರಿನ ಪೀಣ್ಯದಲ್ಲಿ ಫೈಬರ್ ಲೇಸರ್ ಜಾಬ್‌ವರ್ಕ್ ಮಾಡುವವರಿದ್ದಾರೆ. ಒಂದು ದಿನದ ಓಡಾಟ ಲಕ್ಷಗಟ್ಟಲೆ ಉಳಿಸುತ್ತದೆ.

ಬಿಳಿ ಸ್ಯಾಂಪಲ್ ಮೇಲೆ ಗ್ರಾಫೈಟ್ ಸ್ಪ್ರೇ ಹೊಡೆದು ಡಯೋಡಿನಲ್ಲೇ ಕಾಯಿಸಬಾರದೇ ಎಂದರೆ, ಕಾಯಿಸಬಹುದು, ಆದರೆ ಗಾಳಿಯಲ್ಲಿ 500–600 ಡಿಗ್ರಿ ದಾಟಿದರೆ ಗ್ರಾಫೈಟ್ ಉರಿದುಹೋಗುತ್ತದೆ.

ವ್ಯಾಟಿನ ಲೆಕ್ಕ

ಒಂದು ಉದಾಹರಣೆಯನ್ನು ಪೂರ್ತಿ ಮಾಡೋಣ. ಜಂಬಿಟ್ಟಿಗೆ ಮಣ್ಣಿನ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆ: ಅಡ್ಡಳತೆ 10 ಮಿ.ಮೀ., ದಪ್ಪ 1 ಮಿ.ಮೀ. ಗಾಳಿಯಲ್ಲಿ 1,000 ಡಿಗ್ರಿಯಲ್ಲಿ ನಿಲ್ಲಿಸಬೇಕು.

ಎರಡು ಮುಖ ಮತ್ತು ಅಂಚು ಸೇರಿ ಮೇಲ್ಮೈ 1.89 ಚದರ ಸೆಂ.ಮೀ. 1,000 ಡಿಗ್ರಿ ಸೆಲ್ಸಿಯಸ್ ಅಂದರೆ 1,273 ಕೆಲ್ವಿನ್. ಆ ತಾಪದಲ್ಲಿ ಪರಿಪೂರ್ಣ ಕಪ್ಪು ವಸ್ತು ಪ್ರತಿ ಚದರ ಸೆಂ.ಮೀ.ಗೆ 14.9 ವ್ಯಾಟ್ ಹೊರಸೂಸುತ್ತದೆ. ನಮ್ಮ ಮಣ್ಣಿನ ಎಮಿಸಿವಿಟಿ, ಅಂದರೆ ಅದರಲ್ಲಿ ಎಷ್ಟು ಪಾಲು ಹೊರಸೂಸುತ್ತದೆಂಬ ಅಳತೆ, 0.8 ಎಂದು ಹಿಡಿದರೆ ವಿಕಿರಣದಿಂದ ಹೋಗುವುದು 22.5 ವ್ಯಾಟ್. ಸುತ್ತಲಿನ ಗಾಳಿ ಒಯ್ಯುವುದು 4.5 ವ್ಯಾಟಿನ ಆಸುಪಾಸು. ಬಿಲ್ಲೆಯನ್ನು ಮೂರು ತೆಳು ಅಲ್ಯುಮಿನಾ ಕಡ್ಡಿಗಳ ಮೇಲೆ ಕೂರಿಸಿದರೆ ಅವುಗಳ ಮೂಲಕ ಸೋರುವುದು 3 ವ್ಯಾಟ್ ಎನ್ನಿ. ಒಟ್ಟು 30 ವ್ಯಾಟ್. ಇದು ಬಿಲ್ಲೆ ಹೀರಲೇಬೇಕಾದ ಪ್ರಮಾಣ.

ಹೀರಿಕೆ 0.85 ಇದ್ದರೆ ಬಿಲ್ಲೆಯ ಮೇಲೆ ಬೀಳಬೇಕಾದದ್ದು 35 ವ್ಯಾಟ್. ಕನ್ನಡಿ, ಲೆನ್ಸ್, ಕಿಟಕಿಗಳಲ್ಲಿ ನೂರಕ್ಕೆ 10 ಹೋದರೆ 39. ಬಿಲ್ಲೆಯ ಅಂಚಿನಾಚೆ ಚೆಲ್ಲಿಹೋಗುವುದು ನೂರಕ್ಕೆ 20 ಎಂದರೆ 49. ಹಳತಾಗುತ್ತಾ ಕಾರ್ಬನ್ ಡೈಆಕ್ಸೈಡ್ ಲೇಸರಿನ ಟ್ಯೂಬ್ ಸೊರಗುತ್ತದೆ, ಏರಿಕೆಯ ವೇಗಕ್ಕೂ ಸ್ವಲ್ಪ ಹೆಚ್ಚು ಬೇಕು. ಒಂದೂವರೆ ಪಟ್ಟು ಹಿಡಿದರೆ 73. ಅಂದರೆ 80 ವ್ಯಾಟಿನ ಲೇಸರ್.

ಅದೇ ಬಿಲ್ಲೆಯನ್ನು 1,200ಕ್ಕೆ ಏರಿಸಬೇಕೆಂದರೆ? ವಿಕಿರಣ ನಷ್ಟವೊಂದೇ 40 ವ್ಯಾಟಿಗೆ ಜಿಗಿಯುತ್ತದೆ, ಲೇಸರ್ 120 ದಾಟಬೇಕಾಗುತ್ತದೆ. ತಾಪದ ನಾಲ್ಕನೇ ಘಾತಕ್ಕೆ ವಿಕಿರಣ ಏರುವುದರ ಪರಿಣಾಮ ಇದು. ಬಿಲ್ಲೆಯ ಅಡ್ಡಳತೆ 20 ಮಿ.ಮೀ. ಮಾಡಿದರಂತೂ ಮೇಲ್ಮೈ 3.7 ಪಟ್ಟು. ದೊಡ್ಡ ಲೇಸರಿಗೆ ಅರ್ಜಿ ಬರೆಯುವ ಮುನ್ನ ಬಿಲ್ಲೆಯನ್ನು 6 ಮಿ.ಮೀ.ಗೆ ಇಳಿಸಲಾಗುತ್ತದೆಯೇ ಎಂದು ಯೋಚಿಸಿ. ಅದಕ್ಕೆ ಖರ್ಚೇ ಇಲ್ಲ.

ದಪ್ಪ ಗಟ್ಟಿಯ ಮೇಲೆ ಒಂದು ಚುಕ್ಕೆ ಮಾತ್ರ ಕಾಯಿಸುವುದಾದರೆ ಲೆಕ್ಕ ಬೇರೆ. ಅಲ್ಲಿ ಶಾಖ ಕದಿಯುವುದು ಆ ಗಟ್ಟಿಯೇ. ಹೀರಿದ ಪವರನ್ನು ಪೈ, ಚುಕ್ಕೆಯ ತ್ರಿಜ್ಯ, ಶಾಖವಾಹಕತೆ ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಚುಕ್ಕೆಯ ನಡುವಿನ ತಾಪದ ಏರಿಕೆ ಸಿಗುತ್ತದೆ. 1 ಮಿ.ಮೀ. ತ್ರಿಜ್ಯದ ಚುಕ್ಕೆ 30 ವ್ಯಾಟ್ ಹೀರಿದರೆ ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿ ಸುಮಾರು 640 ಡಿಗ್ರಿ ಏರುತ್ತದೆ. ತಾಮ್ರದ ಗಟ್ಟಿ ಏರುವುದು 24 ಡಿಗ್ರಿ! ಆ 24 ಡಿಗ್ರಿಗೂ 30 ವ್ಯಾಟ್ ಹೀರಿರಬೇಕು, ಅದು ತಾಮ್ರದ ಮಟ್ಟಿಗೆ ಸುಲಭದ ಮಾತಲ್ಲ.

ಬೇಕಾದದ್ದಕ್ಕಿಂತ ತೀರಾ ದೊಡ್ಡದು ಕೊಂಡರೂ ತೊಂದರೆಯೇ. ಗಾಜಿನ ಟ್ಯೂಬಿನ ಕಾರ್ಬನ್ ಡೈಆಕ್ಸೈಡ್ ಲೇಸರ್ ತನ್ನ ಸಾಮರ್ಥ್ಯದ ನೂರಕ್ಕೆ ಹತ್ತು ಹದಿನೈದಕ್ಕಿಂತ ಕೆಳಗೆ ಮಿಣುಕಾಡುತ್ತದೆ. 150 ವ್ಯಾಟಿನ ಟ್ಯೂಬಿನಲ್ಲಿ 10 ವ್ಯಾಟ್ ನಿಲ್ಲಿಸಲು ಹೋದರೆ ತಾಪದ ಗೆರೆ ಗರಗಸದ ಹಲ್ಲಿನಂತೆ ಬರುತ್ತದೆ. ಕಡಿಮೆ ಪವರಿನಲ್ಲೂ ನಿಖರತೆ ಬೇಕಾದವರು ಆರ್‌ಎಫ್ (ರೇಡಿಯೊ ಆವರ್ತನದ ವಿದ್ಯುತ್ತಿನಿಂದ ನಡೆಯುವ) ಲೋಹದ ಟ್ಯೂಬಿಗೆ ಹೋಗಬೇಕು, ಬೆಲೆ ಹಲವು ಪಟ್ಟು ಹೆಚ್ಚಾದರೂ.

ಹೆಸರು ನೋಡಿ ಮೋಸ ಹೋಗಬೇಡಿ

20 ವ್ಯಾಟಿನ ಫೈಬರ್ ಮಾರ್ಕಿಂಗ್ ಯಂತ್ರ ಅಗ್ಗಕ್ಕೆ ಸಿಗುತ್ತದೆ, "ಲೇಸರ್ ಇದೆಯಲ್ಲ, ಕಾಯಿಸೋಣ" ಎನ್ನಿಸುತ್ತದೆ. ಅದು ನಿರಂತರ ಬೆಳಕಲ್ಲ, ಮಿಡಿತ. ಸೆಕೆಂಡಿಗೆ 20,000 ಮಿಡಿತ, ಒಂದೊಂದರಲ್ಲಿ 1 ಮಿಲಿಜೌಲ್, ಅದೂ 100 ನ್ಯಾನೊಸೆಕೆಂಡಿನಲ್ಲಿ. ಆ ಕ್ಷಣದ ಪವರ್ 10 ಕಿಲೋವ್ಯಾಟ್. ಸ್ಯಾಂಪಲ್ ಕಾಯುವುದಿಲ್ಲ, ಮೇಲ್ಪದರ ಆವಿಯಾಗಿ ಹಾರುತ್ತದೆ. ಕಾಯಿಸಲು ನಿರಂತರ ಲೇಸರೇ ಬೇಕು.

ಹವ್ಯಾಸಿಗಳ ನೀಲಿ ಎನ್‌ಗ್ರೇವರ್‌ಗಳ ಮೇಲೆ ಬರೆದ "40 ವ್ಯಾಟ್" ಎಷ್ಟೋ ಸಲ ಒಳಗೆ ಹೋಗುವ ವಿದ್ಯುತ್ತಿನದು. ಹೊರಬರುವ ಬೆಳಕು 5ರಿಂದ 10 ವ್ಯಾಟ್. ಬೆಳಕಿನ ಪವರ್ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ.

ಚುಕ್ಕೆಯ ಆಕಾರ

ಕಾರ್ಬನ್ ಡೈಆಕ್ಸೈಡ್ ಲೇಸರಿನ ಕಿರಣ ನಡುವೆ ದಟ್ಟ, ಅಂಚಿಗೆ ತೆಳು. ಕಿರಣದ ತ್ರಿಜ್ಯದ ಅರ್ಧಕ್ಕೆ ಬರುವಷ್ಟರಲ್ಲಿ ಬೆಳಕು ನಡುವಿನ ನೂರಕ್ಕೆ 61ಕ್ಕೆ ಇಳಿದಿರುತ್ತದೆ. ಶಾಖ ಬೇಗ ಹರಡದ ಮಣ್ಣು, ಗಾಜಿನಂಥವುಗಳಲ್ಲಿ ನಡುವಿಗೂ ಅಂಚಿಗೂ ನೂರಾರು ಡಿಗ್ರಿ ವ್ಯತ್ಯಾಸ ಬರಬಹುದು. ನೀವು "1,000 ಡಿಗ್ರಿಯಲ್ಲಿ ಕಾಯಿಸಿದ್ದು" ಎಂದು ಬರೆಯುವ ಬಿಲ್ಲೆಯಲ್ಲಿ ಸಾವಿರ ಮುಟ್ಟಿದ್ದು ನಡುವಿನ ಕಡಲೆಕಾಳಿನಷ್ಟು ಜಾಗ ಮಾತ್ರ. ಇದನ್ನು ತಗ್ಗಿಸಲು ಕಿರಣವನ್ನು ಬಿಲ್ಲೆಗಿಂತ ದೊಡ್ಡದು ಮಾಡಿ ಚೆಲ್ಲುವಿಕೆ ಒಪ್ಪಿಕೊಳ್ಳಬೇಕು, ಇಲ್ಲವೇ ಸೆಕೆಂಡಿಗೆ ಹತ್ತಾರು ಸುತ್ತು ತಿರುಗುವ ಕನ್ನಡಿಯಿಂದ ಚುಕ್ಕೆಯನ್ನು ಸುತ್ತಿಸಬೇಕು.

ಡಯೋಡ್ ಲೇಸರ್ ಇಲ್ಲಿ ಗೆಲ್ಲುತ್ತದೆ. 400 ಮೈಕ್ರಾನ್ ಫೈಬರಿನ ತುದಿಯಲ್ಲಿ ಬೆಳಕು ಹೆಚ್ಚುಕಡಿಮೆ ಸಮವಾಗಿರುತ್ತದೆ. 20 ಮಿ.ಮೀ. ಫೋಕಲ್ ದೂರದ ಲೆನ್ಸಿನಿಂದ ಸಮಾಂತರ ಮಾಡಿ, 500 ಮಿ.ಮೀ. ಲೆನ್ಸಿನಿಂದ ಸ್ಯಾಂಪಲ್ ಮೇಲೆ ಬಿಂಬ ಮೂಡಿಸಿದರೆ 25 ಪಟ್ಟು ಹಿಗ್ಗಿ 10 ಮಿ.ಮೀ. ಸಮತಟ್ಟಾದ ಚುಕ್ಕೆ ಸಿಗುತ್ತದೆ. ಫೈಬರಿನ ಎನ್‌ಎ (ತುದಿಯಿಂದ ಬೆಳಕು ಎಷ್ಟು ಅಗಲಕ್ಕೆ ಹರಡುತ್ತದೆಂಬ ಅಳತೆ) 0.22 ಇದ್ದರೆ ಲೆನ್ಸುಗಳ ನಡುವೆ ಕಿರಣ 8.8 ಮಿ.ಮೀ.; ಒಂದಿಂಚಿನ ಲೆನ್ಸ್ ಧಾರಾಳ. ಸ್ಯಾಂಪಲ್ ಲೋಹವಾದರೆ ಎದುರಿಗೆ ನೇರವಾಗಿ ಇಡಬೇಡಿ, 5–10 ಡಿಗ್ರಿ ವಾಲಿಸಿ. ನೇರ ಮರಳಿದ ಬೆಳಕು ಫೈಬರಿನೊಳಗೆ ನುಗ್ಗಿ ಡಯೋಡನ್ನೇ ಸುಡುತ್ತದೆ.

ಕಿಟಕಿಯ ವಿಷಯ ಇಷ್ಟೇ: 1 ಮೈಕ್ರಾನಿಗೆ ಫ್ಯೂಸ್ಡ್ ಸಿಲಿಕಾ (ಮೇಲೆ ಹೇಳಿದ ಕ್ವಾರ್ಟ್ಸ್ ಗಾಜು), 10.6ಕ್ಕೆ ಲೇಪನವಿರುವ ಜಿಂಕ್ ಸೆಲೆನೈಡ್. ಅಗ್ಗವೆಂದು ಉಪ್ಪಿನ ಕಿಟಕಿ, ಅಂದರೆ ಸೋಡಿಯಂ ಕ್ಲೋರೈಡ್ ಅಥವಾ ಪೊಟ್ಯಾಸಿಯಂ ಕ್ಲೋರೈಡ್, ಕೊಡಗಿನಲ್ಲಿ ಬೇಡವೇ ಬೇಡ. ಜೂನ್ ತಿಂಗಳ ತೇವಕ್ಕೆ ಮಂಜುಗಟ್ಟಿ ಹೋಗುತ್ತದೆ. ಜರ್ಮೇನಿಯಂ ಕಾದಷ್ಟೂ ಹೆಚ್ಚು ಹೀರುತ್ತದೆ, ಹೆಚ್ಚಿನ ಪವರಿಗೆ ಅದೂ ಸಲ್ಲದು. ಜಿಂಕ್ ಸೆಲೆನೈಡ್ ಒಡೆದರೆ ಬರಿಗೈಯಲ್ಲಿ ಮುಟ್ಟಬೇಡಿ, ಅದರ ಪುಡಿ ವಿಷ.

ತಾಪ ಅಳೆಯುವುದು

ಲೇಸರ್ ಜೊತೆಗೇ ಪೈರೋಮೀಟರ್ (ಕಾದ ವಸ್ತು ಸೂಸುವ ಬೆಳಕು ನೋಡಿ, ಮುಟ್ಟದೆ ತಾಪ ಅಳೆಯುವ ಉಪಕರಣ) ಆರಿಸಿ, ಆಮೇಲೆ ಎಂದು ಬಿಡಬೇಡಿ. ಥರ್ಮೋಕಪಲ್ ಕಿರಣದ ದಾರಿಯಲ್ಲಿ ಬಂದರೆ ತಾನೇ ಬೆಳಕು ಹೀರಿ ಸುಳ್ಳು ಓದುತ್ತದೆ. ಅದರ ಜಾಗ ಬಿಲ್ಲೆಯ ಹಿಂಬದಿ. 1,100 ಡಿಗ್ರಿಯವರೆಗೆ ಕೆ ಟೈಪ್, ಅದರಾಚೆ ಎಸ್ ಅಥವಾ ಬಿ ಟೈಪ್.

ಪೈರೋಮೀಟರ್ ನೋಡುವ ತರಂಗಾಂತರ ಲೇಸರಿನದಕ್ಕಿಂತ ಬೇರೆ ಇರಲೇಬೇಕು. ಕಾರ್ಬನ್ ಡೈಆಕ್ಸೈಡ್ ಲೇಸರಿಗೆ 1.6 ಮೈಕ್ರಾನಿನ ಪೈರೋಮೀಟರ್ ಚೆನ್ನಾಗಿ ಹೊಂದುತ್ತದೆ. ಡಯೋಡ್ ಲೇಸರಿಗೂ ಅದನ್ನೇ ಬಳಸಬಹುದು, ಆದರೆ ಅದರ ಡಿಟೆಕ್ಟರ್ 0.9 ಮೈಕ್ರಾನಿನಿಂದಲೇ ಬೆಳಕು ಕಾಣಬಲ್ಲದು. ಲೇಸರ್ ತಡೆಯುವ ಫಿಲ್ಟರ್ ಹಾಕಿಸಿದ್ದೀರಾ ಎಂದು ಖಾತ್ರಿ ಮಾಡಿ. ಪರೀಕ್ಷೆ ಸುಲಭ: ಲೇಸರನ್ನು ಥಟ್ಟನೆ ಆರಿಸಿದಾಗ ಓದು ಒಂದೇ ಏಟಿಗೆ ಐವತ್ತು ನೂರು ಡಿಗ್ರಿ ಬಿದ್ದು ಆಮೇಲೆ ನಿಧಾನ ಇಳಿದರೆ, ಬಿದ್ದಷ್ಟು ಭಾಗ ಸುಳ್ಳು, ಅದು ಲೇಸರಿನ ಬೆಳಕು.

ಎಮಿಸಿವಿಟಿಯಲ್ಲಿ ನೂರಕ್ಕೆ 10 ತಪ್ಪಿದರೆ 1,200 ಡಿಗ್ರಿಯಲ್ಲಿ 1.6 ಮೈಕ್ರಾನಿನ ಪೈರೋಮೀಟರ್ ಸುಮಾರು 24 ಡಿಗ್ರಿ ತಪ್ಪು ಹೇಳುತ್ತದೆ, 5 ಮೈಕ್ರಾನಿನದು 65ರಷ್ಟು. ಹಾಗಾಗಿ ಸಾಧ್ಯವಿದ್ದಲ್ಲೆಲ್ಲ ಕಿರಿದಾದ ತರಂಗಾಂತರ ಮೇಲು. ಗಾಜಿಗೆ ಮಾತ್ರ 5 ಮೈಕ್ರಾನೇ ಬೇಕು, ಯಾಕೆಂದರೆ 1.6ರಲ್ಲಿ ಪೈರೋಮೀಟರ್ ಗಾಜನ್ನು ತೂರಿ ಹಿಂದಿನದನ್ನು ನೋಡುತ್ತದೆ. ಬಿಳಿ ಅಲ್ಯುಮಿನಾಕ್ಕೂ ಇದೇ ಎಚ್ಚರ.

ಮಾಪನ ಸರಿಯಿದೆಯೇ ಎಂದು ನೋಡಲು ಅಕ್ಕಸಾಲಿಗರಲ್ಲಿ 24 ಕ್ಯಾರೆಟಿನ ತೆಳು ತಂತಿಯ ಚೂರು ತನ್ನಿ. ಬಿಲ್ಲೆಯ ಮೇಲೆ ಅಳೆಯುವ ಜಾಗದ ಪಕ್ಕ ಇಟ್ಟು ನಿಧಾನವಾಗಿ ಕಾಯಿಸಿ. ತಂತಿಯ ಚೂಪು ತುದಿ ಮೊದಲು ಮೆತ್ತಗೆ ದುಂಡಾಗುತ್ತದೆ, ಮರುಕ್ಷಣ ಇಡೀ ಚೂರು ಮುದುಡಿ ಒಂದು ಹನಿಯಾಗಿ ನಿಲ್ಲುತ್ತದೆ. ಆ ಕ್ಷಣದ ತಾಪ 1,064 ಡಿಗ್ರಿ. 22 ಕ್ಯಾರೆಟ್ ಬೇಡ, ಅದು ಕೆಳಗಿನ ತಾಪದಲ್ಲೇ ಕರಗುತ್ತದೆ. ಥರ್ಮೋಕಪಲನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸುವವರಿಗೆ ಒಂದು ಮಾತು: ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದು 96 ಡಿಗ್ರಿಯಲ್ಲಿ. ಓದು 96 ತೋರಿಸಿದರೆ ಉಪಕರಣ ಸರಿಯಾಗಿಯೇ ಇದೆ, ತಿದ್ದಲು ಹೋಗಬೇಡಿ.

ಕೊಡಗಿನ ಹವೆ

ಗಾಜಿನ ಟ್ಯೂಬಿನ ಲೇಸರ್ ಹಾಕಿದ ವಿದ್ಯುತ್ತಿನಲ್ಲಿ ಹತ್ತನೇ ಒಂದು ಪಾಲನ್ನು ಮಾತ್ರ ಬೆಳಕು ಮಾಡುತ್ತದೆ. 80 ವ್ಯಾಟಿನ ಟ್ಯೂಬಿನಿಂದ 700–800 ವ್ಯಾಟ್ ಶಾಖವನ್ನು ನೀರು ಹೊತ್ತೊಯ್ಯಬೇಕು. ಬರೀ ರೇಡಿಯೇಟರ್ ಮತ್ತು ಫ್ಯಾನ್ ಇರುವ ಪೆಟ್ಟಿಗೆ ಸಾಲದು, ಕಂಪ್ರೆಸರ್ ಇರುವ ಚಿಲ್ಲರ್ ಬೇಕು. ಸೆಟ್ ಮಾಡುವವರು ಬಂದು 18 ಅಥವಾ 20 ಡಿಗ್ರಿಗೆ ಇಟ್ಟು ಹೋಗುತ್ತಾರೆ. ಬಯಲುಸೀಮೆಯ ಒಣಹವೆಗೆ ಅದು ಸರಿ. ಮಡಿಕೇರಿಯ ಜುಲೈಯಲ್ಲಿ ಕೋಣೆ 21 ಡಿಗ್ರಿ, ತೇವಾಂಶ ನೂರಕ್ಕೆ 90 ಇದ್ದರೆ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟುವ ತಾಪ, ಸುಮಾರು 19 ಡಿಗ್ರಿ. 18 ಡಿಗ್ರಿ ನೀರು ಹರಿಯುವ ಟ್ಯೂಬಿನ ಮೈಮೇಲೆ, ಕನ್ನಡಿಯ ಮೇಲೆ, ತಣ್ಣನೆಯ ಲೋಟದ ಹೊರಗೆ ಹನಿಗಟ್ಟುವಂತೆ ಹನಿಗಟ್ಟುತ್ತದೆ. ಟ್ಯೂಬಿಗೆ ಹೋಗುವುದು ಸುಮಾರು 20,000 ವೋಲ್ಟ್. ಹನಿಯ ಮೇಲೆ ಹರಿದು ಕಿಡಿ ಹಾರಿ ಟ್ಯೂಬ್, ಪವರ್ ಸಪ್ಲೈ ಎರಡೂ ಸುಡುತ್ತವೆ. ಹನಿ ಕೂತ ಲೆನ್ಸ್ ಬೆಳಕು ಹೀರಿ ಸೀಳುತ್ತದೆ. ಡಯೋಡ್ ಮಾಡ್ಯೂಲಿನಲ್ಲೂ ಇದೇ ಅಪಾಯ.

ಇಬ್ಬನಿ ಬಿಂದುವಿಗೆ ಸುಲಭ ಲೆಕ್ಕವಿದೆ: ನೂರರಲ್ಲಿ ತೇವಾಂಶ ಕಳೆದು ಐದರಿಂದ ಭಾಗಿಸಿ, ಬಂದದ್ದನ್ನು ಕೋಣೆಯ ತಾಪದಿಂದ ಕಳೆಯಿರಿ. ತೇವಾಂಶ ನೂರಕ್ಕೆ 50ರ ಮೇಲಿದ್ದಾಗ ಇದು ನಂಬಬಹುದಾದ ಅಂದಾಜು. ಚಿಲ್ಲರ್ ಯಾವತ್ತೂ ಅದಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಲಿ. ಜುಲೈಯಲ್ಲಿ ಸಾಮಾನ್ಯವಾಗಿ 23–25. ಆ ತಾಪದಲ್ಲಿ ಟ್ಯೂಬ್ ಪೂರ್ತಿ ಪವರ್ ಕೊಡುತ್ತದೆಯೇ ಎಂದು ಕೊಳ್ಳುವ ಮುನ್ನವೇ ಕೇಳಿ. ಕೋಣೆಗೆ ಡಿಹ್ಯುಮಿಡಿಫೈಯರ್ ಇದ್ದರೆ ತುಂಬ ಒಳ್ಳೆಯದು. ಚಿಲ್ಲರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಿನ ಉಪ್ಪು ವಿದ್ಯುತ್ ಹರಿಸುತ್ತದೆ, ಪಾಚಿಯೂ ಬೆಳೆಯುತ್ತದೆ.

ಲೆನ್ಸಿಗೆ ಬೂಷ್ಟು ಹಿಡಿಯುವುದು ಇಲ್ಲಿ ಕ್ಯಾಮೆರಾ ಇರುವವರಿಗೆಲ್ಲ ಗೊತ್ತು. ಜೇಡರ ಬಲೆಯಂಥ ಆ ಎಳೆಗಳು ಲೇಸರ್ ಲೆನ್ಸಿನ ಮೇಲಿದ್ದರೆ ಮೊದಲ ಉರಿಯಲ್ಲೇ ಲೇಪನ ಸುಡುತ್ತದೆ. ಬಳಸದ ಆಪ್ಟಿಕ್ಸ್ ಎಲ್ಲ ನೂರಕ್ಕೆ 40ರಷ್ಟು ತೇವಾಂಶದ ಡ್ರೈ ಕ್ಯಾಬಿನೆಟಿನಲ್ಲಿರಲಿ, ಇಲ್ಲವೇ ನೀಲಿ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿ. ಜೆಲ್ ಗುಲಾಬಿಗೆ ತಿರುಗಿದರೆ ಓವನ್ನಿನಲ್ಲಿ 110–120 ಡಿಗ್ರಿಗೆ ಒಣಗಿಸಿ ಮತ್ತೆ ಹಾಕಿ.

ಕರೆಂಟಿನದು ಇನ್ನೊಂದು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ನಿತ್ಯದ ಮಾತು, ಕಾಫಿ ಹೂಮಳೆಯ ದಿನಗಳಲ್ಲಿ ಸಿಡಿಲು. ಲೇಸರ್ ಮತ್ತು ಕಂಟ್ರೋಲರಿಗೆ ಆನ್‌ಲೈನ್ ಯುಪಿಎಸ್ ಹಾಕಿ. ಚಿಲ್ಲರಿನ ಕಂಪ್ರೆಸರ್ ಶುರುವಾಗುವಾಗ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಅದನ್ನು ಅದೇ ಯುಪಿಎಸ್‌ಗೆ ಜೋಡಿಸಬೇಡಿ. ಆದರೆ ಹೀಗೆ ಬೇರೆಯಾಗಿಟ್ಟರೆ ಕರೆಂಟ್ ಹೋದಾಗ ಲೇಸರ್ ಉರಿಯುತ್ತಾ ನೀರು ನಿಂತಿರುತ್ತದೆ, ಟ್ಯೂಬ್ ಒಡೆಯಲು ಅಷ್ಟು ಸಾಕು. ಆದ್ದರಿಂದ ನೀರಿನ ಹರಿವು ನಿಂತ ಕೂಡಲೇ ಲೇಸರ್ ಕಡಿಯುವ ಫ್ಲೋ ಸ್ವಿಚ್ ಇರಲೇಬೇಕು. ಬೋರ್ಡಿಗೆ ಸರ್ಜ್ ಅರೆಸ್ಟರ್, ಲೇಸರಿಗೆ ಪ್ರತ್ಯೇಕ ಅರ್ತಿಂಗ್. ಗುಡುಗು ಕೇಳಿದರೆ ಪ್ಲಗ್ ಕಿತ್ತಿಡಿ.

ಕಣ್ಣು, ಬೆಂಕಿ, ಹೊಗೆ

ಈ ಲೇಸರುಗಳೆಲ್ಲ ನಾಲ್ಕನೇ ವರ್ಗದವು, ಅಂದರೆ ಅತಿ ಅಪಾಯದವು. 1 ಮೈಕ್ರಾನಿನ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿನ ಲೆನ್ಸ್ ಅದನ್ನು ರೆಟಿನಾದ ಮೇಲೆ ಚುಚ್ಚುವಷ್ಟು ಸಣ್ಣದಾಗಿ ಕೂಡಿಸುತ್ತದೆ. ನೋವಾಗುವ ಮೊದಲೇ ದೃಷ್ಟಿ ಹೋಗಿರುತ್ತದೆ. 10.6 ಮೈಕ್ರಾನ್ ಕಾರ್ನಿಯಾವನ್ನು ಸುಡುತ್ತದೆ. 100 ವ್ಯಾಟಿನ 1 ಮೈಕ್ರಾನ್ ಲೇಸರಿಗೆ ಕನ್ನಡಕದ ಓಡಿ (ಆಪ್ಟಿಕಲ್ ಡೆನ್ಸಿಟಿ, ಬೆಳಕು ತಡೆಯುವ ಅಳತೆ) ಕನಿಷ್ಠ 5 ಬೇಕೆಂದು ಲೆಕ್ಕ ಬರುತ್ತದೆ, 6 ಅಥವಾ 7 ಕೊಳ್ಳಿ. ಒಂದರ ಕನ್ನಡಕ ಇನ್ನೊಂದಕ್ಕೆ ಆಗುವುದಿಲ್ಲ. ತರಂಗಾಂತರ ಕನ್ನಡಕದ ಮೇಲೆಯೇ ಅಚ್ಚಾಗಿರಬೇಕು. ಕನ್ನಡಕ ಕೊನೆಯ ಕಾವಲು. ಮೊದಲ ಕಾವಲು ಬಾಗಿಲು ತೆರೆದರೆ ಆರುವ ಲೋಹದ ಪೆಟ್ಟಿಗೆ.

ಕಪ್ಪು ಬಣ್ಣದ ಅನೋಡೈಸ್ಡ್ ಅಲ್ಯುಮಿನಿಯಂ ತಗಡು ಕಣ್ಣಿಗೆ ಕಪ್ಪು, 1 ಮೈಕ್ರಾನಿಗೆ ಅಲ್ಲ. ಬೆಳಕನ್ನು ಚೆನ್ನಾಗಿಯೇ ಹಿಂತಿರುಗಿಸುತ್ತದೆ. ಮಿಕ್ಕ ಕಿರಣ ಹೋಗಿ ಬೀಳುವ ಜಾಗಕ್ಕೆ ಒರಟು ಗ್ರಾಫೈಟ್ ಗಟ್ಟಿ ಅಥವಾ ಬೆಂಕಿ ಇಟ್ಟಿಗೆ ಇಡಿ. ಹೊಟ್ಟು, ಮರ ಕಾಯಿಸುವಾಗ ಬರುವ ಟಾರ್ ಕಿಟಕಿಗೆ ಮೆತ್ತಿ ಅಲ್ಲೇ ಕಿಟಕಿಯನ್ನು ಸುಡುತ್ತದೆ. ನೈಟ್ರೋಜನ್ ಕಿಟಕಿಯ ಬಳಿ ಒಳಬಂದು ಸ್ಯಾಂಪಲ್ ದಾಟಿ ಹೊರಹೋಗುವಂತೆ ನಳಿಕೆ ಇಡಿ, ಹೊಗೆ ಫ್ಯೂಮ್ ಹುಡ್ಡಿಗೆ ಹೋಗಲಿ.

ಆರ್ಡರಿನಲ್ಲಿ ಏನು ಬರೆಯಬೇಕು

ಸರ್ಕಾರಿ ಖರೀದಿಯಲ್ಲಿ, ಜೆಮ್ ಪೋರ್ಟಲಿರಲಿ ಟೆಂಡರಿರಲಿ, ಕಡಿಮೆ ಬೆಲೆಯವರೇ ಬರುತ್ತಾರೆ. ಬರೆಯದ್ದನ್ನು ಆಮೇಲೆ ಕೇಳಲಾಗದು. "80 ವ್ಯಾಟ್ ಲೇಸರ್" ಎಂದಷ್ಟೇ ಬರೆಯಬೇಡಿ. ನಿರಂತರ ಬೆಳಕು, ತರಂಗಾಂತರ ಇಷ್ಟು. ಸ್ಯಾಂಪಲ್ ಇಡುವ ಜಾಗದಲ್ಲಿ ಥರ್ಮೋಪೈಲ್ ಮೀಟರಿನಿಂದ ಅಳೆದ ಪವರ್ ಇಷ್ಟು. ನಾಲ್ಕು ಗಂಟೆ ಓಡಿಸಿದರೆ ಏರುಪೇರು ನೂರಕ್ಕೆ ಇಷ್ಟರೊಳಗೆ. 0ಯಿಂದ 5 ಅಥವಾ 10 ವೋಲ್ಟಿನ ಹೊರಗಿನ ಸಂಕೇತದಿಂದ ಪವರ್ ನಿಯಂತ್ರಣ. ಚಿಲ್ಲರ್ 25 ಡಿಗ್ರಿಯಲ್ಲಿದ್ದಾಗಲೂ ಇವೆಲ್ಲ ಈಡೇರಬೇಕು. ಪೆಟ್ಟಿಗೆಯ ಬಾಗಿಲು ತೆರೆದರೆ ಲೇಸರ್ ಕಡಿಯುವ ಹೊರಗಿನ ಇಂಟರ್‌ಲಾಕ್ ಜೋಡಣೆ ಬೇಕು ಎಂದು ಒಂದೊಂದಾಗಿ ಬರೆಯಿರಿ. ಹೊರಗಿನ ಸಂಕೇತ ಇಲ್ಲದಿದ್ದರೆ ಪೈರೋಮೀಟರಿನ ಓದಿನ ಮೇಲೆ ಪಿಐಡಿ ನಿಯಂತ್ರಣ, ಅಂದರೆ ತಾಪ ನೋಡಿ ಪವರನ್ನು ತಾನಾಗಿಯೇ ತಿದ್ದುವ ವ್ಯವಸ್ಥೆ, ಮಾಡಲಾಗುವುದೇ ಇಲ್ಲ. ಪವರ್ ಮೀಟರ್, ಕನ್ನಡಕ, ಒಂದು ಹೆಚ್ಚುವರಿ ಲೆನ್ಸ್, ಒಂದು ಹೆಚ್ಚುವರಿ ಕಿಟಕಿ ಅದೇ ಆರ್ಡರಿನಲ್ಲಿ ಬರಲಿ. ಗಾಜಿನ ಟ್ಯೂಬ್ ಇಟ್ಟಲ್ಲೇ ಹಳತಾಗುತ್ತದೆ, ಹೆಚ್ಚುವರಿ ಟ್ಯೂಬ್ ತರಿಸಿ ಕಪಾಟಿನಲ್ಲಿಡಬೇಡಿ.

ಮೊದಲ ಸಲ ಕಾಯಿಸುವಾಗ

ಬಿಲ್ಲೆಯನ್ನು ಹಿಂದಿನ ರಾತ್ರಿಯೇ 110 ಡಿಗ್ರಿ ಓವನ್ನಿನಲ್ಲಿಟ್ಟು, ತೆಗೆದ ಕೂಡಲೇ ಡೆಸಿಕೇಟರಿಗೆ (ತೇವ ತಾಗದ ಬಿಗಿ ಪಾತ್ರೆ) ಹಾಕಿ. ಮಳೆಗಾಲದಲ್ಲಿ ಅರ್ಧ ಗಂಟೆ ಮೇಜಿನ ಮೇಲೆ ಬಿಟ್ಟ ಮಣ್ಣಿನ ಬಿಲ್ಲೆ ಮತ್ತೆ ನೀರು ಕುಡಿದಿರುತ್ತದೆ, ಲೇಸರ್ ತಾಗಿದರೆ ಟಪ್ಪೆಂದು ಸಿಡಿಯುತ್ತದೆ. ಚಿಲ್ಲರ್ ಶುರುಮಾಡಿ ಹತ್ತು ನಿಮಿಷ ಕಾಯಿರಿ, ಟಾರ್ಚ್ ಹಾಕಿ ಟ್ಯೂಬಿನ ಮೇಲೆ, ಕನ್ನಡಿಗಳ ಮೇಲೆ ಹನಿ ಇದೆಯೇ ನೋಡಿ. ಪವರ್ ಮೀಟರನ್ನು ಸ್ಯಾಂಪಲ್ ಜಾಗದಲ್ಲಿಟ್ಟು ಕಡಿಮೆ, ಮಧ್ಯಮ, ಪೂರ್ತಿ ಮೂರು ಪವರಿನಲ್ಲಿ ಓದಿ ಪುಸ್ತಕದಲ್ಲಿ ಬರೆದಿಡಿ. ತಿಂಗಳಿಂದ ತಿಂಗಳಿಗೆ ಟ್ಯೂಬ್ ಸೊರಗುವುದು ಆ ಪುಟದಲ್ಲೇ ಕಾಣುತ್ತದೆ.

ಬಿಲ್ಲೆ ಕೂರಿಸಿ, ಮೊದಲು 150 ಡಿಗ್ರಿಗೆ ಏರಿಸಿ ಎರಡು ನಿಮಿಷ ನಿಲ್ಲಿಸಿ. ಈ ತಗ್ಗಿನ ತಾಪವನ್ನು ಹಿಂಬದಿಯ ಥರ್ಮೋಕಪಲಿನಲ್ಲೇ ಓದಬೇಕು; 1.6 ಮೈಕ್ರಾನಿನ ಪೈರೋಮೀಟರ್ ಸಾಮಾನ್ಯವಾಗಿ 300ರ ಆಸುಪಾಸಿನಿಂದ ಮಾತ್ರ ಕಾಣುತ್ತದೆ. ಅಲ್ಲಿಂದ ಸೆಕೆಂಡಿಗೆ 2–3 ಡಿಗ್ರಿಯಂತೆ 600ರವರೆಗೆ. ಜಂಬಿಟ್ಟಿಗೆಯಲ್ಲಿರುವ ಖನಿಜಗಳಲ್ಲಿ ಗೋಥೈಟ್ 250ರಿಂದ 350ರ ನಡುವೆ, ಕಯೋಲಿನೈಟ್ 450ರಿಂದ 600ರ ನಡುವೆ ತಮ್ಮೊಳಗಿನ ನೀರು ಬಿಡುತ್ತವೆ, 573ರಲ್ಲಿ ಕ್ವಾರ್ಟ್ಸ್ ಕಣಗಳು ಹಿಗ್ಗುತ್ತವೆ. ಬಿಲ್ಲೆ ಸೀಳುವುದು ಬಹುತೇಕ ಈ ಅಂತರದಲ್ಲೇ. 600 ದಾಟಿದ ಮೇಲೆ ಸೆಕೆಂಡಿಗೆ 10 ಡಿಗ್ರಿ ಏರಿಸಿದರೂ ತಡೆದುಕೊಳ್ಳುತ್ತದೆ.

ಇಳಿಸುವಾಗ ಲೇಸರನ್ನು ಥಟ್ಟನೆ ಆರಿಸಬೇಡಿ. ಪವರನ್ನು ಎರಡು ಮೂರು ನಿಮಿಷದಲ್ಲಿ ಸೊನ್ನೆಗೆ ತನ್ನಿ. 573ರ ಬಳಿ ಕ್ವಾರ್ಟ್ಸ್ ಮತ್ತೆ ಕುಗ್ಗುವುದರಿಂದ ಅಲ್ಲಿ ಇನ್ನೂ ನಿಧಾನ. ಲೇಸರ್ ಆರಿದ ಮೇಲೂ ಚಿಲ್ಲರ್ ಹತ್ತು ನಿಮಿಷ ಓಡಲಿ. ಗ್ಯಾಸ್ ಬಳಸಿದ್ದರೆ ಬಿಲ್ಲೆ 100 ಡಿಗ್ರಿಗೆ ಇಳಿಯುವವರೆಗೆ ಬಿಟ್ಟಿರಿ. ಆಮೇಲೆ ಕಿಟಕಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಮಸುಕು ಕಂಡರೆ ಅಸಿಟೋನ್ ತೋಯಿಸಿದ ಲೆನ್ಸ್ ಟಿಶ್ಯೂವನ್ನು ಒತ್ತದೆ ಒಂದೇ ದಿಕ್ಕಿಗೆ ಒಮ್ಮೆ ಎಳೆದು, ಸಿಲಿಕಾ ಜೆಲ್ ಡಬ್ಬದಲ್ಲಿ ಮುಚ್ಚಿಡಿ.